ಬೋರ್ನಿಯೋದಿಂದ ಬಂದ ಅಪ್ಪ

ಮದ್ದೂರನ್ನು ಕಣ್ಣಿಂದ ನೋಡುವ ಮೊದಲೇ ನನಗೆ ಬೋರ್ನಿಯೋ ದ್ವೀಪ ಗೊತ್ತಿತ್ತು. ನಮ್ಮ ಮಳವಳ್ಳಿಯಿಂದ ಮದ್ದೂರಿಗೆ ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ವಾಪಸು ಬರಬಹುದು. ಬೋರ್ನಿಯೋಗೆ ಮದರಾಸಿನಲ್ಲಿ ಹಡಗು ಹತ್ತಿ, ಸಿಂಗಪುರದಲ್ಲಿ ಇಳಿದು, ಅಲ್ಲಿಂದ ಇನ್ನೊಂದು ಸಣ್ಣ ಹಡಗು ಹಿಡಿಯಬೇಕು. ಆದರೂ ಅಲ್ಲಿಯ ಮಳೆ ಹೇಗೆ, ಹೊಳೆ ಹೇಗೆ, ಯಾವ ಜನ ಎಲ್ಲಿ ವಾಸ, ಯಾರ ಮೇಲೆ ಯಾರ ಅಧಿಕಾರ ಎನ್ನುವುದೆಲ್ಲ ಎಂಟು ವರ್ಷಕ್ಕೇ ನನಗೆ ಬಾಯಿಪಾಠವಾಗಿತ್ತು. ಅದಕ್ಕೆ ಕಾರಣ ನಮ್ಮಪ್ಪ ನಂಜುಂಡಾಚಾರಿ. ನಾವೆಲ್ಲ ಬ್ಲಫ್ ಎನ್ನುತ್ತಿದ್ದ ಶಿವನಸಮುದ್ರದ ಕರೆಂಟು ಮನೆಯಲ್ಲಿ ಅಪ್ಪ ಫಿಟ್ಟರಾಗಿದ್ದರು. ಮದ್ದೂರಿನ ಗಫಾರ್ ಸಾಬ್ ಎಂಬ ಮೆಕ್ಯಾನಿಕ್ಕು ಅಲ್ಲಿಯೇ ಅವರಿಗೆ ಸ್ನೇಹವಾದದ್ದು. ಗಫಾರ್ ಸಾಬರ ಸೋದರಮಾವ ಸಿಂಗಪುರದಲ್ಲಿದ್ದರು. ಬೋರ್ನಿಯೋದ ಸಮುದ್ರದ ದಂಡೆಯ ಒಂದು ಊರಿನಲ್ಲಿ ನೆಲದಿಂದ ಎಣ್ಣೆ ತೆಗೆಯುತ್ತಾರೆ, ಅಲ್ಲಿಯ ಡೈನಮೋ ನೋಡಿಕೊಳ್ಳಲು ಇಬ್ಬರು ಬೇಕು ಎಂದು ಅವರು ಬರೆದರು. ಇಬ್ಬರೂ ಹೊರಟೇಬಿಟ್ಟರು. ಆಗ ನನಗೆ ಆರು ವರ್ಷ.

ನಮ್ಮದು ಉದ್ದನೆಯ ಮನೆ. ಬೀದಿಗೆ ಜಗಲಿ, ಒಳಗೆ ಪಡಸಾಲೆ, ಅದರ ಹಿಂದೆ ಕಂಬಗಳ ನಡುಮನೆ, ಅದರ ಹಿಂದೆ ಹೊಗೆ ಹಿಡಿದ ಅಡುಗೆಮನೆ, ಕೊನೆಗೆ ಹಿತ್ತಲು. ಜಗಲಿಯ ಒಂದು ಮೂಲೆಯಲ್ಲಿ ಚಿಕ್ಕಪ್ಪ ವೀರಾಚಾರಿ ಬಾಗಿಲು, ಕಿಟಕಿ, ಗಾಡಿಯ ನೊಗ ಮಾಡುತ್ತ ಕೂತಿರುತ್ತಿದ್ದರು. ಮನೆಯ ಯಾವ ಅನ್ನದಲ್ಲೂ ಒಂದೆರಡು ಎಳೆ ಮರದ ಹೊಟ್ಟು ಸಿಗುತ್ತಿತ್ತು. ಮನೆ ನಡೆಸುತ್ತಿದ್ದವಳು ಅಜ್ಜಿ, ಅಪ್ಪನ ತಾಯಿ. ಯಾವ ಸಾರು, ಯಾರಿಗೆ ಎಷ್ಟು ಮುದ್ದೆ, ಯಾರು ಎಲ್ಲಿ ಕೂರಬೇಕು ಎನ್ನುವುದೆಲ್ಲ ಅವಳ ಬಾಯಿಂದಲೇ ಬರಬೇಕು. ಎರಡು ತಿಂಗಳಿಗೋ ಮೂರು ತಿಂಗಳಿಗೋ ಅಪ್ಪನ ಕಾಗದ ಬಂದಾಗ ಅಜ್ಜಿ ಕಂಬಕ್ಕೆ ಒರಗಿ ಕೂರುತ್ತಿದ್ದಳು, ಚಿಕ್ಕಪ್ಪ ಓದುತ್ತಿದ್ದರು. ಅವ್ವ ಅಡುಗೆಮನೆಯ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಳು. ಮೈದುನನ ಎದುರು ಬಂದು ಕೂರುವ ಪದ್ಧತಿ ನಮ್ಮಲ್ಲಿರಲಿಲ್ಲ. ಅವ್ವನಿಗೆ ಓದು ಬರುತ್ತಿರಲಿಲ್ಲ. ಚಿಕ್ಕಪ್ಪ ಓದಿ ಹೋದ ಮೇಲೆ ಅದೇ ಕಾಗದವನ್ನು ನನ್ನ ಕೈಯಲ್ಲಿ ಒಲೆಯ ಮುಂದೆ ಮತ್ತೊಮ್ಮೆ ಓದಿಸುತ್ತಿದ್ದಳು. ಶಾಲೆಗಿಂತ ಹೆಚ್ಚಾಗಿ ಅಲ್ಲಿಯೇ ನಾನು ಅಕ್ಷರ ಕಲಿತೆ.

ಅಪ್ಪನ ಕಾಗದಗಳಲ್ಲಿ ಮನೆಯ ಮಾತು ಕಡಿಮೆ, ದ್ವೀಪದ ಮಾತೇ ಹೆಚ್ಚು. ನಮ್ಮ ಮೈಸೂರು ಸೀಮೆಯಂಥ ಎಷ್ಟೋ ಸೀಮೆಗಳು ಈ ಒಂದು ದ್ವೀಪದೊಳಗೆ ಹಿಡಿಸುತ್ತವೆ ಎಂದು ಬರೆದಿದ್ದರು. ಅಲ್ಲಿ ಮಳೆಗಾಲ, ಬೇಸಿಗೆ ಎಂದಿಲ್ಲವಂತೆ, ಬಹುಪಾಲು ದಿನ ಮಳೆಯೇ. ವರ್ಷವಿಡೀ ಹಗಲೂ ಇರುಳೂ ಸಮಸಮ. ಒಳನಾಡಿಗೆ ರಸ್ತೆಗಳಿಲ್ಲ, ಹೊಳೆಗಳೇ ರಸ್ತೆ. ಹೊಳೆಯ ನೀರು ಕಾಫಿಯ ಬಣ್ಣ. ದಂಡೆಯಲ್ಲಿ ಮೀನು ಹಿಡಿಯುವ ಮಲಾಯಿ ಜನ, ಅಂಗಡಿಗಳಲ್ಲಿ ಚೀನದವರು, ಕಾಡಿನೊಳಗೆ ಡಯಾಕರು. ಡಯಾಕರದು ಇಡೀ ಊರಿಗೆ ಒಂದೇ ಮನೆ. ಕಂಬಗಳ ಮೇಲೆ ನಿಲ್ಲಿಸಿದ ಉದ್ದನೆಯ ಮನೆ, ಒಂದೇ ಜಗಲಿ, ಜಗಲಿಗೆ ಇಪ್ಪತ್ತು ಮೂವತ್ತು ಬಾಗಿಲು, ಬಾಗಿಲಿಗೊಂದು ಸಂಸಾರ.

"ಒಂದೇ ಮನೇಲಿ ಮೂವತ್ತು ಸೊಸೇರಾ?" ಎಂದು ಅಜ್ಜಿ ಕೇಳಿದ್ದಳು. "ಅಲ್ಲಿ ಅತ್ತೇರು ಎಂಗೆ ಬದುಕ್ತಾರೋ."

ಬಾಗಿಲ ಹಿಂದೆ ಅವ್ವ ನಕ್ಕದ್ದು ನನಗೆ ಕೇಳಿಸಿತ್ತು. ನನಗೆ ನೆನಪಿರುವ ಹಾಗೆ ಆ ಮನೆಯಲ್ಲಿ ಅವಳು ನಕ್ಕದ್ದು ಅಂಥ ಸಮಯದಲ್ಲಿಯೇ. ಆ ದ್ವೀಪದ ಅಧಿಕಾರದ ವಿಚಾರವಂತೂ ಅಜ್ಜಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ. ದಕ್ಷಿಣದ ದೊಡ್ಡ ಪಾಲು ಡಚ್ಚರದು, ಬಡಗಣ ತುದಿ ಒಂದು ಕಂಪನಿಯದು, ಅಪ್ಪ ಇದ್ದ ಕಡೆ ಒಬ್ಬ ರಾಜ. ಆದರೆ ಆ ರಾಜ ಬಿಳಿಯ. ನಮ್ಮ ಮೈಸೂರಿನಲ್ಲಿರುವಂಥ ರೆಸಿಡೆಂಟ್ ದೊರೆ ಇರಬೇಕು ಎಂದು ಚಿಕ್ಕಪ್ಪ ಅಂದರೆ, ಅಲ್ಲ, ರಾಜನೇ, ತಾತನ ಕಾಲದಿಂದ ಅವರ ಮನೆತನವೇ ಆಳುತ್ತಿದೆ ಎಂದು ಅಪ್ಪ ಮುಂದಿನ ಕಾಗದದಲ್ಲಿ ಬಿಡಿಸಿ ಬರೆದರು. ಜಿಲ್ಲೆಗೊಬ್ಬ ಬಿಳಿ ಅಧಿಕಾರಿ, ಅವನ ಕೆಳಗೆ ಒಂದೊಂದು ಹೊಳೆಗೆ ಒಬ್ಬ ಯಜಮಾನ, ನಮ್ಮ ಪಟೇಲನ ಹಾಗೆ. ಪ್ರತಿ ಕಾಗದದ ಕೊನೆಗೂ ಒಂದೇ ಸಾಲು ಇರುತ್ತಿತ್ತು: ಗಫಾರ್ ಸೌಖ್ಯ, ಮದ್ದೂರಿಗೆ ತಿಳಿಸುವುದು. ಗಫಾರ್ ಸಾಬರಿಗೆ ಬರೆಯಲು ಬಾರದು. ಕೆಲಸದ ಮೇಲೆ ಮದ್ದೂರಿಗೆ ಹೋದಾಗ ಚಿಕ್ಕಪ್ಪ ಅವರ ಮನೆಯ ಬಾಗಿಲಲ್ಲಿ ನಿಂತು ಅಷ್ಟು ಹೇಳಿ ಬರುತ್ತಿದ್ದರು.

ಜಪಾನಿನವರು ಯುದ್ಧಕ್ಕೆ ಇಳಿದ ಚಳಿಗಾಲದಲ್ಲಿ ಕಾಗದ ನಿಂತಿತು. ಸಿಂಗಪುರ ಬಿತ್ತು, ಬೋರ್ನಿಯೋ ಅದಕ್ಕಿಂತ ಮೊದಲೇ ಬಿತ್ತು ಎಂದು ಪೇಪರು ಓದುವವರು ಹೇಳಿದರು. ಆ ಮುಂಗಾರಿನಲ್ಲಿ ಚಿಕ್ಕಪ್ಪ ಮರ ತರಲು ಮಂಡ್ಯಕ್ಕೆ ಹೋದಾಗ ಸಿಂಗಪುರದಿಂದ ತಪ್ಪಿಸಿಕೊಂಡು ಬಂದಿದ್ದ ಒಬ್ಬನ ಭೇಟಿಯಾಯಿತು. ಬೋರ್ನಿಯೋ ಬಿಟ್ಟು ಹೊರಟ ಒಂದು ಹಡಗಿನ ಮೇಲೆ ಬಾಂಬು ಬಿತ್ತು, ಅದರಲ್ಲಿ ಮೈಸೂರು ಸೀಮೆಯ ಇಬ್ಬರು ಫಿಟ್ಟರುಗಳಿದ್ದರು, ಯಾರೂ ಉಳಿಯಲಿಲ್ಲ ಎಂದು ಅವನು ಹೇಳಿದನಂತೆ. ಚಿಕ್ಕಪ್ಪ ಮನೆಗೆ ಬಂದು ನಡುಮನೆಯಲ್ಲಿ ನಿಂತೇ ಅದನ್ನು ಹೇಳಿದರು. ಅಜ್ಜಿ ಅಳಲಿಲ್ಲ. ಮೂರು ದಿನ ಕಂಬದ ಹತ್ತಿರ ಕೂತಿದ್ದು, ನಾಲ್ಕನೆಯ ದಿನ ಜೋಯಿಸರಿಗೆ ಹೇಳಿ ಕಳಿಸಿದಳು. ಅವತ್ತು ಮೊದಲ ಸಲ ಅವ್ವ ಅಡುಗೆಮನೆಯ ಹೊಸ್ತಿಲು ದಾಟಿ ನಡುಮನೆಗೆ ಬಂದು ಎಲ್ಲರೆದುರು ಮಾತಾಡಿದಳು.

"ನೋಡ್ದೋರು ಯಾರು ಅತ್ತೆ?"

"ನೋಡ್ದೋನೇ ಯೋಳವ್ನಲ್ಲ."

"ಇಬ್ರು ಫಿಟ್ಟರು ಅಂದವ್ನೆ. ಎಸ್ರು ಯೋಳ್ಳಿಲ್ಲ."

"ಎಳ್ಳುನೀರು ಬುಡದೆ ಇದ್ರೆ ನನ್ ಮಗ ನೆಲೆ ಇಲ್ದಂಗೆ ಅಲೀತಾನೆ. ನಿನ್ ಕುಂಕುಮ ಉಳೀಲಿ ಅಂತ ಅವ್ನು ಅಲೀಬೇಕಾ?"

ಅವ್ವ ಅಡುಗೆಮನೆಗೆ ವಾಪಸು ಹೋದಳು. ಈಗ ಅಜ್ಜಿಯ ವಯಸ್ಸಿಗೆ ಬಂದಿರುವ ನನಗೆ ಅನ್ನಿಸುತ್ತದೆ, ಅಜ್ಜಿ ಕೆಟ್ಟವಳಾಗಿರಲಿಲ್ಲ. ಮಗ ಸತ್ತಿದ್ದಾನೋ ಇಲ್ಲವೋ ಎಂದು ಪ್ರತಿ ದಿನ ಕೇಳಿಕೊಳ್ಳುವುದಕ್ಕಿಂತ ಸತ್ತ ಎಂದು ಒಮ್ಮೆ ಅತ್ತು ಮುಗಿಸುವುದು ಅವಳಿಗೆ ಸುಲಭವಾಗಿ ಕಂಡಿತು. ಬ್ಲಫ್ ಹತ್ತಿರ ಕಾವೇರಿಯ ದಡದಲ್ಲಿ ದರ್ಭೆಯಿಂದ ಒಂದು ಗೊಂಬೆ ಮಾಡಿ, ಅದಕ್ಕೆ ಅಪ್ಪನ ಹೆಸರಿಟ್ಟು, ಚಿಕ್ಕಪ್ಪ ಬೆಂಕಿ ಕೊಟ್ಟರು. ಹುಲ್ಲಿನ ಗೊಂಬೆ ಸುಡಲು ಎಷ್ಟು ಹೊತ್ತು? ಜೋಯಿಸರ ಮಂತ್ರ ಮುಗಿಯುವ ಮೊದಲೇ ಬೂದಿಯಾಗಿತ್ತು. ಹನ್ನೊಂದನೆಯ ದಿನ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅವ್ವನ ಎರಡೂ ಕೈ ಇಡಿಸಿ ಅಜ್ಜಿಯೇ ಬಳೆ ಒಡೆದಳು. ನಾನು ಚೊಂಬು ಹಿಡಿದು ನಿಂತಿದ್ದೆ. ಎಡಗೈಗೆ ಗಾಜು ಹೊಕ್ಕು ರಕ್ತ ಬಂತು. ಅವ್ವ ಕೈ ಎಳೆದುಕೊಳ್ಳಲಿಲ್ಲ, "ನೀರು ಉಯ್ಯಿ" ಎಂದಷ್ಟೇ ನನಗೆ ಹೇಳಿದಳು.

ಆಮೇಲಿನ ವರ್ಷಗಳು ಹಸಿವಿನ ವರ್ಷಗಳು. ರೇಷನ್ ಬಂತು. ರಾಗಿಗೆ ಏನೇನೋ ಬೆರೆಸಿದ ಹಿಟ್ಟಿನಲ್ಲಿ ಮುದ್ದೆ ಕಟ್ಟಿದರೆ ಕೈಯಲ್ಲೇ ಒಡೆದುಹೋಗುತ್ತಿತ್ತು. ಅವ್ವ ಎಲ್ಲರಿಗೂ ಬಡಿಸಿ ಕೊನೆಯಲ್ಲಿ ಉಳಿದದ್ದನ್ನು ಉಣ್ಣುತ್ತಿದ್ದಳು, ಅದೂ ದಿನಕ್ಕೆ ಒಂದೇ ಹೊತ್ತು. ಚಿಕ್ಕಪ್ಪನ ಮದುವೆ ನಮ್ಮ ಮನೆಯಲ್ಲೇ ಆಯಿತು. ಐದು ದಿನ ಅಡುಗೆ ಮಾಡಿದವಳು ಅವ್ವ. ಧಾರೆಯ ಹೊತ್ತಿಗೆ ಅವಳನ್ನು ಸೌದೆ ಕೋಣೆಯಲ್ಲಿ ಕೂರಿಸಿದರು. ಹಳೆಯ ಕಾಗದಗಳನ್ನು ಓದಲೇ ಎಂದು ನಾನೊಮ್ಮೆ ಕೇಳಿದ್ದಕ್ಕೆ ಬೇಡ ಎಂದಳು. ನಾನೇ ಅಟ್ಟದ ಮೇಲೆ ಕೂತು ಓದಿಕೊಳ್ಳುತ್ತಿದ್ದೆ. ಸತ್ತ ಮನುಷ್ಯನ ಕೈಬರಹದಲ್ಲಿ ಆ ಹೊಳೆಗಳು ಇನ್ನೂ ಹರಿಯುತ್ತಿದ್ದದ್ದು ನನಗೆ ವಿಚಿತ್ರವಾಗಿ ಕಾಣುತ್ತಿತ್ತು. ಮದ್ದೂರಿನ ಮನೆಯವರು ಮಾತ್ರ ಹಡಗಿನ ಸುದ್ದಿಯನ್ನು ನಂಬಲಿಲ್ಲ. ಹೆಸರು ಹೇಳದ ಸುದ್ದಿ ಸುದ್ದಿಯಲ್ಲ ಎಂದು ಗಫಾರ್ ಸಾಬರ ಹೆಂಡತಿ ಜುಲೇಖಾಬಿ ಚಿಕ್ಕಪ್ಪನಿಗೆ ಹೇಳಿ ಕಳಿಸಿದ್ದಳಂತೆ.

ಯುದ್ಧ ಮುಗಿದ ಮೇಲಿನ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ನಾನು ಜಗಲಿಯಲ್ಲಿ ಮೊರ ಹಿಡಿದು ಕಲ್ಲು ಆರಿಸುತ್ತಿದ್ದೆ. ಒಬ್ಬ ಮುದುಕ ಬಂದು ಎದುರಿಗೆ ನಿಂತ. ಕಣ್ಣು ಅರಿಸಿನದಂತೆ ಹಳದಿ, ಮುಂದಿನ ಹಲ್ಲುಗಳಿಲ್ಲ, ಮಿಲಿಟರಿಯವರ ದೊಗಳೆ ಚಡ್ಡಿ.

"ರತ್ನಿ ಅಲ್ವೇನವ್ವ ನೀನು?" ಎಂದ.

ನನಗೆ ಗುರುತು ಹತ್ತಲಿಲ್ಲ. ಗುರುತು ಹಿಡಿದವಳು ಅಜ್ಜಿ. ಬಾಗಿಲಿಗೆ ಬಂದು ಚೌಕಟ್ಟು ಹಿಡಿದುಕೊಂಡು ಬಹಳ ಹೊತ್ತು ನೋಡಿದಳು. ಆದರೆ ಬಾಯಿಂದ ಬಂದದ್ದು ಇಷ್ಟೇ:

"ಒಳೀಕೆ ಬರಬ್ಯಾಡ ಕಣಪ್ಪ. ನಿಂಗೆ ನೀರು ಬುಟ್ಟಿವಿ."

ಕರ್ಮ ಮಾಡಿ ಮುಗಿಸಿದ ಮನುಷ್ಯ ಹೊಸ್ತಿಲು ದಾಟಿದರೆ ಮನೆಗೆ ಕೇಡು ಎಂದು ನಂಬಿಕೆ. ಜೋಯಿಸರು ಪಂಚಾಂಗ ನೋಡಿ ಮೂರು ದಿನ ಕಾಯಬೇಕೆಂದರು. ಆ ಮೂರು ದಿನ ಅಪ್ಪ ಜಗಲಿಯಲ್ಲಿ, ಚಿಕ್ಕಪ್ಪನ ಮರದ ಹೊಟ್ಟಿನ ಪಕ್ಕದಲ್ಲಿ ಕೂತಿದ್ದರು. ಬೀದಿಯ ಜನವೆಲ್ಲ ಬಂದು ದೂರ ನಿಂತು ನೋಡಿ ಹೋದರು. ಮೊದಲ ದಿನವೇ ಅವ್ವ ತಟ್ಟೆಯಲ್ಲಿ ಮುದ್ದೆ, ಹುರುಳಿ ಸಾರು ಹಾಕಿಕೊಂಡು ಹೊರಗೆ ಬಂದಳು. ಎದುರಿಗೆ ಹೋಗಬೇಡ ಎಂದು ಅಜ್ಜಿ ತಡೆದಾಗ, "ನಂಗಿನ್ನೇನು ಕೆಡಬೇಕಾಗದೆ ಅತ್ತೆ" ಎಂದು ದಾಟಿಯೇ ಹೋದಳು. ಅಪ್ಪ ಅವಳ ಬರಿಗೈ ನೋಡಿದರು, ಬರಿ ಹಣೆ ನೋಡಿದರು, ತಲೆ ತಗ್ಗಿಸಿದರು. ಅವ್ವ ತಟ್ಟೆ ಇಟ್ಟು ಅಲ್ಲೇ ನಿಂತಳು.

"ಯುದ್ಧ ಮುಗುದು ಏಳೆಂಟು ತಿಂಗ್ಳಾಯ್ತು. ಒಂದು ಕಾಗ್ದ ಬರೀಲಿಲ್ಲ ಯಾಕೆ?"

ಅಪ್ಪ ಮುದ್ದೆ ಮುರಿದು ಸಾರಿಗೆ ಅದ್ದಿದರು. ಬಾಯಿಗಿಡಲಿಲ್ಲ.

ಮೂರನೆಯ ದಿನ, ಆಗತಾನೆ ಹುಟ್ಟಿದ ಮಗುವಿಗೆ ಮಾಡುವಂತೆ ಅವರಿಗೆ ಎರೆದು, ಕಿವಿಯಲ್ಲಿ ಹೊಸದಾಗಿ ಹೆಸರು ಹೇಳಿ, ಒಳಗೆ ಕರೆದುಕೊಂಡರು. ಅವ್ವನಿಗೆ ಮತ್ತೆ ತಾಳಿ ಕಟ್ಟಿಸಿದರು. ಅಜ್ಜಿ ಹಸಿರು ಬಳೆ ತರಿಸಿದ್ದಳು. ಅವ್ವ ಕೈ ಚಾಚಲಿಲ್ಲ.

"ತಾಳಿ ಅವರು ಕಟ್ಟಿದ್ದು, ಅವರೇ ಕಟ್ಲಿ. ಬಳೆ ನೀವು ಒಡದದ್ದು. ಅದು ಇರ್ಲಿ ಬುಡಿ."

ಸಾಯುವ ತನಕ ಅವ್ವ ಬಳೆ ಇಡಲಿಲ್ಲ. ಅಜ್ಜಿ ಅದನ್ನು ದಿನವೂ ನೋಡಿಕೊಂಡೇ ಬದುಕಿದಳು.

ಅಪ್ಪ ಮಾತು ಮರೆತವರಂತೆ ಇರುತ್ತಿದ್ದರು. ಚಳಿಜ್ವರ ಬಂದಾಗ ಮಾತ್ರ ಮಲಾಯಿ ಭಾಷೆಯಲ್ಲಿ ಏನೇನೋ ಹೇಳುತ್ತಿದ್ದರು. ಒಮ್ಮೆ ನಾನು ದ್ವೀಪದ ವಿಚಾರ ಕೇಳಿದ್ದಕ್ಕೆ, ಪಾಠ ಒಪ್ಪಿಸುವಂತೆ ಅಧಿಕಾರದ ವಿಷಯ ಹೇಳಿದರು. ಬಿಳಿಯರು ಹೋದರು, ಜಪಾನಿನವರು ಬಂದರು. ಬಂದವರು ಮೊದಲು ಬದಲಾಯಿಸಿದ್ದು ಗಡಿಯಾರವನ್ನು. ತಮ್ಮೂರಿನ ಹೊತ್ತಿಗೆ ಮುಳ್ಳು ತಿರುಗಿಸಿದರು. ಆಮೇಲೆ ಇಸವಿಯನ್ನೂ ಬದಲಾಯಿಸಿದರು. ಮನೆ ಮನೆಯ ತಲೆ ಎಣಿಸಿ ಪಟ್ಟಿ ಮಾಡಿದರು. ಕಾವಲಿನವನ ಮುಂದೆ ಹಾದುಹೋದರೆ ಸೊಂಟ ಬಗ್ಗಿಸಬೇಕು, ಬಗ್ಗದಿದ್ದರೆ ಕಪಾಳಕ್ಕೆ ಏಟು. ಅಕ್ಕಿ ಅವರ ಉಗ್ರಾಣಕ್ಕೆ ಹೋಯಿತು, ಊರು ಗೆಣಸು ತಿಂದಿತು. ಇಷ್ಟು ಹೇಳಿ ಎದ್ದು ಹಿತ್ತಲಿಗೆ ಹೋದರು. ಮುಂದೆ ನಾನು ಶಾಲೆಯಲ್ಲಿ ಭೂಗೋಳ ಹೇಳಿಕೊಡುವವಳಾದೆ. ನದಿ, ಬೆಟ್ಟ, ಜನ, ಆಡಳಿತ ಎಂದು ಕಪ್ಪು ಹಲಗೆಯ ಮೇಲೆ ಬರೆಯುವಾಗಲೆಲ್ಲ ಆ ಕೊನೆಯ ಮಾತಿನ ಹತ್ತಿರ ನನ್ನ ಕೈ ತಡೆಯುತ್ತಿತ್ತು.

ಅಪ್ಪ ಬಂದ ಸುದ್ದಿ ಮದ್ದೂರಿಗೆ ಮುಟ್ಟಲು ಒಂದು ತಿಂಗಳೂ ಹಿಡಿಯಲಿಲ್ಲ. ಒಂದು ದಿನ ಬೆಳಗಿನ ಬಸ್ಸಿಗೆ ಜುಲೇಖಾಬಿ ಬಂದಳು. ಜೊತೆಗೆ ಗಫಾರ್ ಸಾಬರ ತಂದೆ, ಕಿವಿ ಪೂರಾ ಕೇಳಿಸದ ಮುದುಕರು. ಅವರು ಚಿಕ್ಕಪ್ಪನ ಹತ್ತಿರ ಜಗಲಿಯಲ್ಲೇ ಕೂತರು. ಆಕೆ ತೆಳ್ಳಗೆ, ಅವ್ವನದೇ ವಯಸ್ಸು, ತಲೆಯ ತುಂಬ ಸೆರಗು, ಎರಡೂ ಕೈಗೆ ಗಾಜಿನ ಬಳೆ. ಒಳಗೆ ಕೂರಿಸಬೇಡ ಎಂದು ಅಜ್ಜಿ ಕಣ್ಣಲ್ಲೇ ಹೇಳಿದಳು. ಅವ್ವ ಪಡಸಾಲೆಯಲ್ಲಿ ಚಾಪೆ ಹಾಸಿ, ನೀರು ಬೆಲ್ಲ ಇಟ್ಟು, ಎದುರಿಗೆ ತಾನೂ ಕೂತಳು. ಹಿತ್ತಲಿನಲ್ಲಿದ್ದ ಅಪ್ಪನನ್ನು ನಾನು ಕರೆತಂದೆ. ಆಕೆಯನ್ನು ಕಂಡದ್ದೇ ಅಪ್ಪ ಗೋಡೆಗೆ ಬೆನ್ನು ಕೊಟ್ಟು ಕುಸಿದು ಕೂತರು.

"ಅಣ್ಣ, ನೀವೊಬ್ರೇ ಬಂದ್ರಿ," ಎಂದಳು ಜುಲೇಖಾಬಿ.

"ಊಂ."

"ಅವರು ಯಾವಾಗ ಬತ್ತಾರೆ?"

ಅಪ್ಪ ನೆಲ ನೋಡುತ್ತ, "ಗೊತ್ತಿಲ್ಲ ಕಣಮ್ಮ. ನನ್ನೂ ಅವನ್ನೂ ಬ್ಯಾರೆ ಬ್ಯಾರೆ ಮಾಡುದ್ರು," ಎಂದರು. ಆಕೆಯ ಮುಖದಲ್ಲಿ ಒಂದು ಗೆಲುವು ಬರತೊಡಗಿತು. ಅಷ್ಟರಲ್ಲಿ ಅವ್ವ ಅಪ್ಪನ ಕಡೆ ತಿರುಗಿದಳು.

"ಸುಳ್ಳು ಯೋಳಬ್ಯಾಡಿ. ಗೊತ್ತಿಲ್ದೆ ಇರೋದು ಎಂಗಿರ್ತದೆ ಅಂತ ನಂಗೆ ಗೊತ್ತು. ಇದ್ರೆ ಅವ್ರೆ ಅನ್ನಿ, ಸತ್ರೆ ಸತ್ರು ಅನ್ನಿ."

ಹೊರಗೆ ಚಿಕ್ಕಪ್ಪನ ಉಳಿಯ ಸದ್ದು ಕೇಳುತ್ತಿತ್ತು. ಅಪ್ಪ ಹೇಳತೊಡಗಿದರು, ಆಕೆಗಲ್ಲ, ತಮ್ಮ ಅಂಗೈಗೆ ಹೇಳುವಂತೆ.

"ಜಪಾನಿನೋರು ಬಂದ ಮೂರನೇ ವರ್ಷ ವಿಮಾನ ಇಳಿಯೋ ಬಯಲು ಮಾಡಕ್ಕೆ ಆಳು ಬೇಕಾಯ್ತು. ಅಲ್ಲಿಗೆ ಓದೋರು ವಾಪ್ಸು ಬತ್ತಿರ್ಲಿಲ್ಲ. ಕರೆಂಟು ಮನೆಗೆ ಒಬ್ರೇ ಸಾಕು ಅಂದ ಅವರ ಆಫೀಸರು. ಇಬ್ರಲ್ಲಿ ಡೈನಮೋ ಯಾರಿಗೆ ಗೊತ್ತು ಅಂತ ಕೇಳ್ದ. ಇಬ್ರಿಗೂ ಗೊತ್ತಿತ್ತು. ನಾನು ‘ನಂಗೆ’ ಅಂದೆ. ಗಫಾರ ಪಕ್ಕದಲ್ಲೇ ನಿಂತಿದ್ದ. ಏನೂ ಅನ್ಲಿಲ್ಲ. ಅವತ್ತೇ ಅವ್ನ ಲಾರಿ ಅತ್ತುಸುದ್ರು."

ಜುಲೇಖಾಬಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

"ನಾಕು ತಿಂಗ್ಳ ಮ್ಯಾಲೆ ಜ್ವರ ಬಂದೋರ್ನೆಲ್ಲ ನಮ್ಮ ಸೆಡ್ಡಿನ ಹತ್ರ ತಂದು ಆಕುದ್ರು. ಅದರಾಗೆ ಅವ್ನೂ ಇದ್ದ. ಮೂಳೆ ಚರ್ಮ. ನಾನೇ ಮಣ್ಣು ಮಾಡ್ದೆ ಕಣಮ್ಮ. ಅಲ್ಲಿದ್ದ ಮಲಾಯಿ ಸಾಬ್ರೊಬ್ರು ಮಂತ್ರ ಯೋಳುದ್ರು." ಅಪ್ಪ ಅವ್ವನ ಕಡೆ ನೋಡಿದರು. "ಇಲ್ಲಿಗೆ ಕಾಗ್ದ ಬರುದ್ರೆ ಮದ್ದೂರಿಗೂ ಬರೀಬೇಕಾಗಿತ್ತು. ಅದ್ಕೇ ಬರೀಲಿಲ್ಲ."

ಜುಲೇಖಾಬಿ ತಲೆಯೆತ್ತಿದಳು. ಅಳು ಬಂದಿರಲಿಲ್ಲ, ದನಿ ಮಾತ್ರ ಒಣಗಿತ್ತು.

"ಯಾವ ದಿನ?"

"ದಿನ ಗೊತ್ತಿಲ್ಲ."

"ದಿನ ಬೇಕಣ್ಣ. ವರ್ಷ ವರ್ಷ ಫಾತೆಹಾ ಓದಿಸ್ಬೇಕು. ದಿನ ಇಲ್ದೆ ಎಂಗೆ ಓದಿಸಾನ?"

"ಅಲ್ಲಿ ತಾರೀಕೂ ಅವರದ್ದೇ, ಇಸ್ವಿಯೂ ಅವರದ್ದೇ. ನಮ್ಮ ಲೆಕ್ಕ ತಪ್ಪೋಗಿತ್ತು. ಮಳೆ ನೋಡಿ ತಿಂಗ್ಳು ಯೋಳಾನ ಅಂದ್ರೆ ಅಲ್ಲಿ ದಿನಾ ಮಳೆ."

ಅಪ್ಪ ಎಷ್ಟೋ ಲೆಕ್ಕ ಹಾಕಿದರು. ಗೆಣಸು ಕಿತ್ತ ಮೇಲೆ, ಬಾಂಬು ಬೀಳುವುದಕ್ಕೆ ಮುಂಚೆ ಎಂದು ಏನೇನೋ ಹೇಳಿ, ಕೊನೆಗೆ ಆಗುವುದಿಲ್ಲ ಎಂದು ಕೈ ಬಿಟ್ಟರು. ಆಗ ಅವ್ವ ಮೆಲ್ಲಗೆ ಕೇಳಿದಳು:

"ಕೊನೇ ದಿನ ಅವರು ನಿಮ್ಮತ್ರ ಏನಂದ್ರು? ಅದನ್ನ ಯೋಳಿ."

"ಏನಂದ. ಬೆಳಿಗ್ಗೆ ಒಸಿ ಗಂಜಿ ತಕ್ಕೊಂಡೋದೆ. ಕುಡೀಲಿಲ್ಲ. ಒತ್ತು ಮುಳುಗ್ಲಿ ಅಂದ. ಲೇ, ಜ್ವರದೋನಿಗೆ ಎಂಥ ಉಪಾಸನ್ಲಾ ಅಂದೆ. ಎಂಗೂ ಅನ್ನ ಇಲ್ಲ, ರೋಜಾ ಆದ್ರೂ ಇರ್ಲಿ ಬುಡು, ಇವತ್ತು ಏಳನೇದು ಅಂದ. ಗಂಜಿ ಅಲ್ಲೇ ಇಕ್ಕಿದ್ದೆ. ಒತ್ತು ಮುಳುಗೋಕೆ ಮುಂಚೇನೇ ಓಗ್ಬುಟ್ಟ."

ಜುಲೇಖಾಬಿ ಬೆರಳಿಗೆ ಸುತ್ತಿದ್ದ ಸೆರಗನ್ನು ಬಿಟ್ಟಳು. ರಂಜಾನಿನ ಏಳನೆಯ ರೋಜಾ. ಜಪಾನಿನವರ ಕ್ಯಾಲೆಂಡರಿನಲ್ಲಿ ಇಲ್ಲದ ದಿನವನ್ನು ಆ ಮನುಷ್ಯ ತಾನೇ ಚಂದ್ರನನ್ನು ನೋಡಿ ಎಣಿಸಿಟ್ಟುಕೊಂಡಿದ್ದ. ಆಕೆ ತುಟಿ ಅಲುಗಿಸಿ ಆ ಮಾತನ್ನು ತನಗೇ ಎರಡು ಸಲ ಹೇಳಿಕೊಂಡಳು. ಆಮೇಲೆ ಒಂದೊಂದಾಗಿ ಬಳೆಗಳನ್ನು ಕೈಯಿಂದ ಜಾರಿಸಿ ತೆಗೆಯತೊಡಗಿದಳು. ಒಡೆಯಲಿಲ್ಲ. ಒಂದು ಬಳೆ ಗಿಣ್ಣಿನ ಹತ್ತಿರ ಸಿಕ್ಕಿಕೊಂಡಾಗ ಅವ್ವ ಬೆಲ್ಲದ ತಟ್ಟೆ ಸರಿಸಿ, ನೀರಿನಲ್ಲಿ ಬೆರಳದ್ದಿ, ಆಕೆಯ ಕೈ ಒದ್ದೆ ಮಾಡಿ ಅದನ್ನು ನೋವಾಗದಂತೆ ಹೊರಗೆ ಎಳೆದಳು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಜ್ಜಿ ಒಳಗೆ ಹೋಗಿಬಿಟ್ಟಳು.

ಬಳೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಜುಲೇಖಾಬಿ ಎದ್ದಾಗ ಅಪ್ಪ ಕೈಮುಗಿದರು.

"ನಾನು ‘ನಂಗೆ’ ಅನ್ನದೆ ಇದ್ದಿದ್ರೆ ಇವತ್ತು ಅವ್ನು ಇಲ್ಲಿಗೆ ಬಂದಿರೋನು ತಂಗಿ."

ಆಕೆ ಅವರನ್ನು ನೆಟ್ಟಗೆ ನೋಡಿದಳು. ಸಿಟ್ಟಿರಲಿಲ್ಲ. ಕರುಣೆಯೂ ಇರಲಿಲ್ಲ.

"ಅದನ್ನ ನಂಗೆ ಕೊಡಬ್ಯಾಡಿ ಅಣ್ಣ. ನೀವೇ ಮಡಿಕ್ಕಳಿ. ನಾನು ದಿನ ಕೇಳಕ್ಕೆ ಬಂದೆ."

ಹೊರಗೆ ಮುದುಕರು ಗೋಡೆಗೊರಗಿ ಕಣ್ಣು ಮುಚ್ಚಿದ್ದರು. ಜುಲೇಖಾಬಿ ಅವರ ಮುಂದೆ ಕುಕ್ಕರಗಾಲಲ್ಲಿ ಕೂತು ತಮ್ಮ ಭಾಷೆಯಲ್ಲಿ ಗಟ್ಟಿಯಾಗಿ ಏನೋ ಹೇಳಿದಳು. ಅವರಿಗೆ ಕೇಳಿಸಲಿಲ್ಲ. ಮತ್ತೆ ಹೇಳಿದಳು. ಮೂರನೆಯ ಸಲ ಮಾತು ಬಿಟ್ಟು, ಅವರ ಕಣ್ಣೆದುರು ಏಳು ಬೆರಳು ಹಿಡಿದಳು. ಮುದುಕರು ಆ ಬೆರಳುಗಳನ್ನೂ ಬರಿದಾದ ಮಣಿಕಟ್ಟುಗಳನ್ನೂ ನೋಡಿದರು. ಆಮೇಲೆ ಕೋಲೂರಿ ಎದ್ದು, ಮದ್ದೂರಿಗೆ ಇನ್ನೊಂದು ಬಸ್ಸು ಎಷ್ಟು ಹೊತ್ತಿಗೆ ಎಂದು ಚಿಕ್ಕಪ್ಪನನ್ನು ಕೇಳಿದರು.